ವಿಧೇಯ ಸೇವಕನ ರಜೆ

ರಗಳೆ ಶುರುವಾದದ್ದು ರಜೆ ಅರ್ಜಿಯ ಕೊನೆಯ ಸಾಲಿನಿಂದ. ‘ತಮ್ಮ ಅತ್ಯಂತ ವಿಧೇಯ ಸೇವಕ’ ಎಂದು ಅಚ್ಚಾಗಿದ್ದ ಆ ಸಾಲನ್ನು ಇತಿಹಾಸದ ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ, ಕೆಳಗೆ ಸಹಿ ಮಾತ್ರ ಜಡಿದಿದ್ದರು.

ಬೆಳಗ್ಗೆಯಷ್ಟೇ ಅವರ ಅತ್ತೆಯ ಫೋನ್ ಬಂದಿತ್ತು: ಹೆಣ್ಣು ಮಗು. ಸಂಜೆ ಐದರ ಬಸ್ಸು ಹಿಡಿದರೆ ನಾಳೆ ಮಗಳ ಮುಖ ನೋಡಬಹುದು.

ಗುಮಾಸ್ತರು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿದರು. “ಸಾಲು ಹೊಡೆದ್ರೆ ಅರ್ಜಿ ನಡೆಯಲ್ಲ ಸಾರ್.”

“ಪರದೇಶದ ದೊರೆಗಳು ಬರೆಸಿದ್ದು ರೀ ಅದು! ಅವರು ಹಡಗು ಹತ್ತಿ ಎಷ್ಟು ಕಾಲ ಆಯ್ತು?”

“ಅವರು ಹೋದ್ರು. ಫಾರಂ ಹೋಗಿಲ್ವಲ್ಲ.”

ಮೇಷ್ಟ್ರಿಗೆ ರೇಗಿತು. ಆಳುವವರು ಹೋದರೂ ಬಗ್ಗಿದ ಬೆನ್ನು ತಾನಾಗಿ ನೆಟ್ಟಗಾಗುವುದಿಲ್ಲ ಎಂದು ಹತ್ತು ವರ್ಷ ಪಾಠ ಹೇಳಿದ ಬಾಯಿ ಅದು. ಮಗಳು ಹುಟ್ಟಿದ ದಿನವೇ ಅಪ್ಪ ಬಗ್ಗುವುದೇ?

“ಒಂದು ಸಾಲು ತಾನೇ, ಇರಲಿ ಬಿಡಿ. ಮಗು ಕಾಯ್ತಿರುತ್ತೆ,” ಎಂದರು ಗಣಿತದ ಮೇಡಂ.

ಆದರೆ ಡ್ರಿಲ್ ಮೇಷ್ಟ್ರು ಕುರ್ಚಿಯಿಂದ ಪುಟಿದೆದ್ದರು. “ಅಯ್ಯೋ, ಹದಿನೆಂಟು ವರ್ಷದಿಂದ ನಾನು ಇದಕ್ಕಾ ಸಹಿ ಹಾಕ್ತಿರೋದು? ಓದೇ ಇರಲಿಲ್ಲವಲ್ರೀ! ನಡೀರಿ ಹೆಡ್ಮೇಷ್ಟ್ರ ಹತ್ರ!”

ಆವೇಶದಲ್ಲಿ ಅವರು ಸೀಟಿಯನ್ನೂ ಊದಿಬಿಟ್ಟರು. ಸೀಟಿ ಕೇಳಿದ್ದೇ ತಡ, ಗೂಡಿನ ಬಾಗಿಲು ತೆಗೆದಾಗ ನುಗ್ಗುವ ಕೋಳಿಗಳಂತೆ ಎಂಟು ತರಗತಿಗಳ ಮಕ್ಕಳು ಅಂಗಳಕ್ಕೆ ಬಿದ್ದರು. ಏನೆಂದು ಗೊತ್ತಿಲ್ಲದಿದ್ದರೂ “ಇತಿಹಾಸದ ಮೇಷ್ಟ್ರಿಗೆ ಜೈ!” ಎಂಬ ಕೂಗು ಮುಗಿಲು ಮುಟ್ಟಿತು.

ಹೆಡ್ಮೇಷ್ಟ್ರು ಕಿಟಕಿಯಲ್ಲಿ ಇಣುಕಿ ಬೆವತುಹೋದರು. ಮುಷ್ಕರವೇ ಇರಬೇಕು! ಮೇಷ್ಟ್ರು ಒಳಗೆ ಬಂದು ಬಾಯಿ ತೆರೆಯುವ ಮೊದಲೇ, “ಏನು ಬೇಕ್ರೀ ನಿಮಗೆ?” ಎಂದರು.

“ಆ ಸಾಲು ಹೋಗಬೇಕು, ಸಾರ್.”

“ಸಾಲೇನು, ಆ ಫಾರಮ್ಮೇ ಇವತ್ತಿಂದ ರದ್ದು! ಮೊದಲು ಆ ಮಕ್ಕಳನ್ನ ಒಳಗೆ ಕಳಿಸಿ, ಮಹರಾಯರೇ!” ಎಂದು ಆದೇಶ ಬರೆದು ಮೊಹರು ಒತ್ತಿಯೇಬಿಟ್ಟರು.

ಡ್ರಿಲ್ ಮೇಷ್ಟ್ರು ಗೆದ್ದ ವೀರನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅಷ್ಟು ಎತ್ತರದಿಂದ ಇತಿಹಾಸದ ಮೇಷ್ಟ್ರಿಗೆ ಜಗತ್ತೆಲ್ಲ ನೆಟ್ಟಗೆ ನಿಂತಂತೆ ಕಂಡಿತು. ಮಗಳಿಗೆ ಹೇಳಲು ಎಂಥ ಕತೆ! ಹೆಗಲ ಮೇಲಿಂದಲೇ ಆದೇಶವನ್ನು ಗುಮಾಸ್ತರತ್ತ ಚಾಚಿದರು. “ಕೊಡಿ ನನ್ನ ರಜೆ ಚೀಟಿ.”

ಗುಮಾಸ್ತರು ಆದೇಶವನ್ನು ಎರಡು ಸಲ ಓದಿದರು. ಮೇಷ್ಟ್ರ ಅರ್ಜಿಯನ್ನು ತೆಗೆದು, ಶ್ರದ್ಧೆಯಿಂದ ನಾಲ್ಕು ಚೂರು ಮಾಡಿದರು.

“ರೀ, ಏನ್ರೀ ಇದು?”

“ಫಾರಂ ರದ್ದಾಯ್ತಲ್ಲ ಸಾರ್. ಇದೂ ಅದೇ ಫಾರಮ್ಮು.”

“ಹೊಸದು ಕೊಡಿ ಮತ್ತೆ!”

“ಸಮಿತಿ ಕೂತು, ಒಪ್ಪಿ, ಅಚ್ಚಾಗಿ ಬರಬೇಕು. ಎರಡು ತಿಂಗಳಾಗಬಹುದು. ಅಲ್ಲೀವರೆಗೆ ಯಾರಿಗೂ ರಜೆ ಇಲ್ಲ.”

“ಯಾರಿಗೂ?” ಎಂದಿತು ಕೆಳಗಿನಿಂದ ಡ್ರಿಲ್ ಮೇಷ್ಟ್ರ ದನಿ.

“ಯಾರಿಗೂ.”

ಡ್ರಿಲ್ ಮೇಷ್ಟ್ರು ಹೆಗಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿಕೊಂಡರು.