ಮಂಗೋಲ್ ದೊರೆ ದೊಡ್ಡವನಾಗಲೇ ಇಲ್ಲ

ಹರಿಹರದ ನಮ್ಮ ಟಾಕೀಸಿನಲ್ಲಿ ಯಾವುದೂ ಅಂದುಕೊಂಡಂತೆ ನಡೆಯುವುದಿಲ್ಲ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ ಅಲ್ಲಿ ಪ್ರೊಜೆಕ್ಟರ್ ನೋಡಿಕೊಳ್ಳುವವನು ನಾನು. ಕಂಡದ್ದನ್ನಷ್ಟೇ ಹೇಳುತ್ತೇನೆ.

ಕುದುರೆ

ಮಾಲೀಕರ ಮನೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ. ಒಂದು ಬೆಳಿಗ್ಗೆ ಬಂದು, "ಇದೊಂದು ವಾರ ನೋಡ್ತೀನಿ. ಜನ ಬರಲಿಲ್ಲ ಅಂದ್ರ ಕುರ್ಚಿ ಕೀಳಿಸಿ ಕಲ್ಯಾಣ ಮಂಟಪ ಮಾಡ್ತೀನಿ" ಎಂದರು.

ನನಗೆ ಇದ್ದದ್ದು ಇದೊಂದೇ ಕೆಲಸ. "ಯಾವ ಸಿನಿಮಾ ಸರ್?" ಎಂದೆ.

ಪೋಸ್ಟರ್ ಬಿಚ್ಚಿದರು. ಜಗತ್ತು ಗೆದ್ದ ಮಂಗೋಲ್ ದೊರೆ. ಅವನ ಹಿಂದೆ ಕುದುರೆಗಳ ದಂಡು.

"ಸರ್, ಇದು ಅವನು ಸಣ್ಣವನಿದ್ದಾಗಿನ ಕಥೆ. ಮಾತೆಲ್ಲ ಮಂಗೋಲಿಯಾ ಭಾಷೆ. ಕೆಳಗೆ ಇಂಗ್ಲಿಷ್ ಅಕ್ಷರ ಬರ್ತಾವೆ."

"ಕುದುರೆ ಅದಾವಿಲ್ಲೋ?"

"ಅದಾವೆ."

"ಮತ್ತೇನು? ಕುದುರೆಗೆ ಯಾವ ಭಾಷೆ?"

ಮೈಕು

ಮೊದಲ ಆಟಕ್ಕೆ ಗುತ್ತೂರಿನ ಕಾರ್ಖಾನೆಯವರು ಪಾಳಿ ಮುಗಿಸಿ ಮನೆಮಂದಿಯೊಂದಿಗೆ ಬಂದರು. ತೆರೆಯ ಮೇಲೆ ಅಕ್ಷರ ಕಂಡೊಡನೆ ಒಬ್ಬರು, "ಓದಾಕ ಕೂಡ್ರಿಸೋದಿದ್ರ ಮೊದ್ಲ ಹೇಳಬೇಕಿತ್ರಿ, ಚಾಳೀಸು ತರ್ತಿದ್ವಿ" ಎಂದರು.

ಮಾಲೀಕರು ನನ್ನ ಕೈಗೆ ಮೈಕು ಕೊಟ್ಟು, ಕನ್ನಡದಲ್ಲಿ ಹೇಳು ಎಂದರು.

ಹುಡುಗನ ಅಪ್ಪನಿಗೆ ವೈರಿಗಳು ವಿಷ ಹಾಕಿದರು. ಕುಲದವರೆಲ್ಲ ಬಿಟ್ಟು ಹೋದರು. ತಾಯಿ ಹುಲ್ಲುಗಾವಲಿನಲ್ಲಿ ಮಕ್ಕಳನ್ನು ತಬ್ಬಿಕೊಂಡು ಬಹಳ ಹೊತ್ತು ಗೋಳಾಡಿದಳು. ಅವಳು ಮುಗಿಸಿದ ಮೇಲೆ ನಾನು ಸಾರಾಂಶ ಹೇಳಿದೆ: "ಊಟಕ್ಕಿಲ್ಲ ಅಂತಾಳೆ."

ಮುಂದಿನ ಸಾಲಿನ ಅಜ್ಜಿ ತಿರುಗಿ ನೋಡಿದರು. "ಅಷ್ಟೊತ್ತು ಅತ್ಲಲ್ಲೋ ತಮ್ಮಾ. ಅಷ್ಟ ಹೇಳಿದ್ಲಾ?"

"ಬಟ್ಟೆನೂ ಇಲ್ಲಂತೆ" ಎಂದು ಸೇರಿಸಿದೆ.

ವಿರಾಮ

ಈ ಚಿತ್ರಕ್ಕೆ ಇಂಟರ್ವಲ್ ಇರಲಿಲ್ಲ. ಆದರೆ ನಮ್ಮಲ್ಲಿ ಇಂಟರ್ವಲ್ಲಿಗೆ ಮಂಡಕ್ಕಿ, ಮಿರ್ಚಿ ಇಲ್ಲದಿದ್ದರೆ ಸಿನಿಮಾ ನೋಡಿದ ಲೆಕ್ಕವೇ ಅಲ್ಲ. ಕ್ಯಾಂಟೀನಿನ ಅಕ್ಕ ಎಣ್ಣೆ ಕಾಯಲು ಇಟ್ಟಾಗಿತ್ತು. ನಾನು ಚಿತ್ರದ ಅವಧಿಯನ್ನು ಎರಡರಿಂದ ಭಾಗಿಸಿ, ಸರಿಯಾಗಿ ನಡುವೆ ನಿಲ್ಲಿಸಿದೆ.

ಆ ಕ್ಷಣಕ್ಕೆ ವೈರಿಗಳು ಹುಡುಗನನ್ನು ಹಿಡಿದು ಕುತ್ತಿಗೆಗೆ ಮರದ ಹಲಗೆ ಬಿಗಿದಿದ್ದರು. ದೀಪ ಹತ್ತಿತು. 'ವಿರಾಮ' ಎಂಬ ಅಕ್ಷರ ಮಾತ್ರ ಬರಲಿಲ್ಲ; ಚಿತ್ರದಲ್ಲಿ ಅದು ಇರಲೇ ಇಲ್ಲವಲ್ಲ. ಜನ ಹೊರಗೆ ಹೋಗಿ, ಮಿರ್ಚಿ ತಿಂದು, ಕೈ ಒರೆಸಿಕೊಂಡು ಮನೆಗೆ ನಡೆದರು.

"ಪಾಪ, ಅಷ್ಟು ಸಣ್ಣ ಹುಡುಗನ್ನ ಹಂಗ ಮುಗಿಸಬಾರದಿತ್ತು" ಎನ್ನುತ್ತಾ ಅಜ್ಜಿಯೂ ಹೋದರು.

ಗೇಟಿನವರೆಗೆ ಓಡಿದೆ. "ಇನ್ನೂ ಐತ್ರಿ. ಯುದ್ಧ ಈಗ ಬರತೈತೆ."

"ಬ್ಯಾಡ ಬಿಡ್ರಿ," ಎಂದರು ಕನ್ನಡಕ ತರದೆ ಬಂದಿದ್ದ ಆ ಚಾಳೀಸಿನವರು. "ಆಗಿದ್ದ ಸಾಕು."

ಮರುದಿನ ನಾನೇ 'ವಿರಾಮ' ಎಂದು ಬರೆದು ತೆರೆಗೆ ಬಿಟ್ಟೆ. ಓದಲು ಯಾರೂ ಇರಲಿಲ್ಲ. ಹುಡುಗ ಸಾಯುತ್ತಾನೆಂದು ಊರೆಲ್ಲ ಸುದ್ದಿಯಾಗಿತ್ತು. ಕ್ಯಾಂಟೀನಿನ ಅಕ್ಕ ಒಬ್ಬರೇ ನನ್ನ ಕೆಲಸ ಮೆಚ್ಚಿದವರು: "ನಿನ್ನೆ ಒಂದು ಮಿರ್ಚಿನೂ ಉಳಿಲಿಲ್ಲ ನೋಡು."

ಖಾಲಿ ಜಾಗ

ವಾರದ ಕೊನೆಗೆ ಫೋನು ಬಂತು. ದಾವಣಗೆರೆ ದೇವರಾಜ ಅರಸು ಬಡಾವಣೆಯಿಂದ, ಮದುವೆಗಿದ್ದ ಹೆಣ್ಣಿನ ತಂದೆಯೊಬ್ಬರು.

"ನಿಮ್ಮ ಟಾಕೀಸು ಖಾಲಿ ಇರತೈತಂತೆ, ಖರೇನ?"

"ಹೌದ್ರಿ."

"ಪೂರಾ ಖಾಲಿ?"

"ನಾನಿರ್ತೀನಿ."

"ನೀವು ಇದ್ರ ನಡೀತೈತಿ."

ಮಗಳನ್ನು ನೋಡಲು ಮನೆಗೆ ಗಂಡಿನವರು ಬಂದಾಗಲೆಲ್ಲ ಓಣಿಯವರು ಇಣುಕಿ, ಹಿಂದಿನಿಂದ ಏನಾದರೂ ಹೇಳಿ ಸಂಬಂಧ ಕೆಡಿಸುತ್ತಿದ್ದರಂತೆ. ಇಡೀ ಜಿಲ್ಲೆಯಲ್ಲಿ ಯಾರೂ ಇಣುಕದ ಜಾಗ ನಮ್ಮದೇ.

ಎರಡೂ ಮನೆಯವರು ಬಾಲ್ಕನಿಯಲ್ಲಿ ಕುಳಿತರು. ತೆರೆಯ ಮೇಲೆ ಅಪ್ಪ ತನ್ನ ಒಂಬತ್ತು ವರ್ಷದ ಮಗನಿಗೆ ಹೆಣ್ಣು ಗೊತ್ತುಮಾಡಲು ಹೊರಟಿದ್ದ. ವರನ ಸೋದರಮಾವ ಮುಂದೆ ಬಾಗಿ ನೋಡಿದರು. "ನೋಡ್ರಿ, ಅವರು ಎಷ್ಟು ಲಗೂ ಮುಗಿಸ್ತಾರ. ನಮ್ಮವಂಗೆ ಮೂವತ್ತಾತು."

ಹಲಗೆ ಬಿಗಿಯುವ ಹೊತ್ತಿಗೆ ಮಾತುಕತೆ ಮುಗಿದಿತ್ತು. ಎಲ್ಲರೂ ಮಿರ್ಚಿ ತಿಂದು ಎದ್ದರು. ಹೆಣ್ಣಿನ ತಂದೆ ಟಾಕೀಸನ್ನು ಒಮ್ಮೆ ಸುತ್ತ ನೋಡಿ, "ಜಾಗ ಚೊಲೋ ಐತೆ. ಮದುವೆನೂ ಇಲ್ಲೇ ಮಾಡಿದ್ರ ಹೆಂಗೆ?" ಎಂದರು.

ಮಾಲೀಕರು ನನ್ನ ಮುಖ ನೋಡಲಿಲ್ಲ. ಸೋಮವಾರ ಕುರ್ಚಿ ಕಿತ್ತರು.

ಹಾರ

ಹೊಸ ಮಂಟಪದ ಮೊದಲ ಮದುವೆ ಅದೇ. ನನಗೆ ಕೊಟ್ಟ ಕೆಲಸ, ಅದೇ ತೆರೆಯ ಮೇಲೆ ವಧೂವರರ ಫೋಟೊ ಬಿಡುವುದು. ಯುದ್ಧ ಇಲ್ಲ, ಕುದುರೆ ಇಲ್ಲ, ಹೌಸ್‌ಫುಲ್.

ಸೋದರಮಾವ ಪಕ್ಕಕ್ಕೆ ಬಂದು ನಿಂತರು. "ತಮ್ಮಾ, ಅವತ್ತು ಆ ಹುಡುಗನ ಕುತ್ತಿಗಿಗೆ ಹಲಗಿ ಹಾಕಿದ್ರಲ್ಲ, ಆಮೇಲೆ ಏನಾತು?"

ಹರಿಹರದಲ್ಲಿ ಉತ್ತರ ಗೊತ್ತಿದ್ದವನು ನಾನೊಬ್ಬನೇ. ಕೇಳಿದವರೂ ಇವರೊಬ್ಬರೇ.

"ತಪ್ಪಿಸ್ಕೊಂಡ್ರಿ. ಆಮೇಲೆ ಜಗತ್ತೆಲ್ಲ ಗೆದ್ದ."

ಅವರು ವೇದಿಕೆಯ ಕಡೆ ನೋಡಿದರು. ಸುಗಂಧರಾಜದ ದಪ್ಪ ಹಾರದ ಭಾರಕ್ಕೆ ವರನ ಕುತ್ತಿಗೆ ಬಗ್ಗಿತ್ತು.

"ಇವಂಗೆ ಹೇಳಬ್ಯಾಡ," ಎಂದರು ಮೆಲ್ಲಗೆ. "ಆಸೆ ಇಟ್ಕೊಂತಾನೆ."