ಕಾಲುಚೀಲ ಕೊಂಡವರಿಗೆ ವೈನ್ ಪುಕ್ಕಟೆ

ಆರ್ವಿಲ್‌ಗೆ ಇದ್ದದ್ದು ಒಂದೇ ಕೊರಗು: ತಾನು ನೆಲಮಾಳಿಗೆಯಲ್ಲಿ ಮಾಡಿದ ವೈನನ್ನು ಇದುವರೆಗೆ ಯಾರೂ ದುಡ್ಡು ಕೊಟ್ಟು ಕುಡಿದಿಲ್ಲ. (ದುಡ್ಡು ಕೊಡದೆ ಕುಡಿದವರೂ ಎರಡನೇ ಲೋಟ ಕೇಳಿಲ್ಲ; ಆ ಮಾತು ಬಿಡಿ.) ಅಂಗಡಿಯಿಂದ ಒಂದು ಪೆಟ್ಟಿಗೆ ತರುವುದು, ಅದರಲ್ಲಿದ್ದ ಗಟ್ಟಿ ದ್ರಾಕ್ಷಿರಸಕ್ಕೆ ನೀರು ಬೆರೆಸಿ, ಹುದುಗಿನ ಪೊಟ್ಟಣ ಉದುರಿಸಿ ಕಾಯುವುದು, ಅಷ್ಟೇ ಕೆಲಸ. ಆದರೂ ತಾತ ಮುತ್ತಾತನ ಕಾಲದಿಂದ ದ್ರಾಕ್ಷಿತೋಟ ಆಳಿದವನ ಹಾಗೆ ಲೋಟದೊಳಗೆ ಮೂಗಿಟ್ಟು ಕಣ್ಣು ಮುಚ್ಚುತ್ತಿದ್ದ.

"ಭಾನುವಾರ ನಮ್ಮಕ್ಕ ಬರ್ತಾಳೆ. ಅವಳು ಮಲಗೋ ಕೋಣೇಲಿ ನಿನ್ನ ಸೀಸೆಗಳು ಮಲಗಿವೆ" ಎಂದಳು ಹೆಂಡತಿ ವರ್ನಾ. "ಅಷ್ಟರೊಳಗೆ ಖಾಲಿ ಮಾಡು. ಇಲ್ಲಾಂದ್ರೆ ಸಿಂಕಿಗೆ ಸುರೀತೀನಿ. ಹೇಗೂ ಪೈಪು ಕಟ್ಕೊಂಡಿದೆ, ಅದಾದ್ರೂ ಬಿಟ್ಕೊಳ್ಳುತ್ತೆ."

"ಮಾರ್ತೀನಿ ನೋಡ್ತಿರು!" ಎಂದು ಆರ್ವಿಲ್ ಸರ್ಕಾರಿ ಕಚೇರಿಗೆ ಫೋನು ಮಾಡಿದ.

"ಪ್ರಾಂತ್ಯದ ಲೈಸೆನ್ಸ್ ಬೇಕು, ಕೆನಡಾ ಸರ್ಕಾರದ್ದೂ ಬೇಕು. ಸುಂಕ ಕಟ್ಟಬೇಕು, ಪರೀಕ್ಷೆ ಮಾಡಿಸಬೇಕು" ಎಂದಿತು ಆ ಕಡೆಯ ದನಿ. "ವೈನ್ ಎಲ್ಲಿ ಮಾಡ್ತೀರಿ ಸಾರ್?"

"ಬಟ್ಟೆ ಒಗೆಯೋ ಮಷೀನ್ ಪಕ್ಕ."

"ನೀವೇ ಕುಡೀರಿ ಸಾರ್. ಮನೆಗೆ ಬಂದೋರಿಗೂ ಕೊಡಿ. ಮಾರೋ ಹಾಗಿಲ್ಲ."

ಮಾರಬಾರದು, ಕೊಡಬಹುದು! ಆರ್ವಿಲ್‌ನ ತಲೆಯಲ್ಲಿ ಜ್ಞಾನೋದಯವಾಯಿತು. ಶನಿವಾರ ಗ್ಯಾರೇಜಿನ ಮುಂದೆ ಮೇಜು ಹಾಕಿ, ವರ್ನಾ ಹೆಣೆದಿಟ್ಟಿದ್ದ ಉಣ್ಣೆಯ ಕಾಲುಚೀಲಗಳನ್ನು ಹರಡಿ, ರಟ್ಟಿನ ಫಲಕ ನಿಲ್ಲಿಸಿದ: "ಕಾಲುಚೀಲ ಕೊಂಡವರಿಗೆ ಆರ್ವಿಲ್ ಮಹಲಿನ ಕೆಂಪು ವೈನ್ ಪುಕ್ಕಟೆ."

"ಕಾಲುಚೀಲಕ್ಕೆ ಇಪ್ಪತ್ತೈದು ಡಾಲರಾ!" ಬೆಲೆಚೀಟಿ ನೋಡಿ ವರ್ನಾ ಬಾಯಿ ಬಿಟ್ಟಳು.

"ಮೆಲ್ಲಗೆ! ಅದು ಕಾಲುಚೀಲದ ಬೆಲೆ ಅಲ್ಲ."

ಮೊದಲು ಬಂದವಳು ಎದುರುಮನೆಯ ಲೊರೆಟ್ಟಾ. ಎರಡು ಜೊತೆ ಆರಿಸಿದಳು. ಆರ್ವಿಲ್ ಸೀಸೆ ಚಾಚಿದ.

"ಬೇಡಪ್ಪಾ. ಹೋದ ಕ್ರಿಸ್‌ಮಸ್‌ನಲ್ಲಿ ಕೊಟ್ಟಿದ್ದೇ ಇನ್ನೂ ಇದೆ. ಕಿಟಕಿ ಗಾಜು ಚೆನ್ನಾಗಿ ಹೊಳೆಯುತ್ತೆ."

ಚಳಿ ಹಿಡಿಯುತ್ತಿದ್ದ ದಿನಗಳು. ಕಾಲುಚೀಲ ಬಿಸಿ ರೊಟ್ಟಿಯಂತೆ ಖರ್ಚಾದವು. ಸೀಸೆಗಳು ನಿಂತಲ್ಲೇ ನಿಂತಿದ್ದವು. "ವೈನ್ ಬೇಡ ಅಂದ್ರೆ ಎರಡು ಡಾಲರ್ ಕಡಿಮೆ ಮಾಡ್ಕೋತೀರಾ?" ಎಂದು ಒಬ್ಬಾಕೆ ಚೌಕಾಸಿಗೂ ಇಳಿದಳು.

ಮಧ್ಯಾಹ್ನ ಮದ್ಯ ಇಲಾಖೆಯ ಹೆಂಗಸೊಬ್ಬಳು ಗುರುತಿನ ಚೀಟಿ ತೋರಿಸಿ ನಿಂತಳು. "ಕೊಂಡರೆ ಪುಕ್ಕಟೆ ಅಂದ್ರೂ ಮಾರಾಟವೇ ಸಾರ್. ದಂಡ ಬೀಳುತ್ತೆ. ಎಷ್ಟು ಸೀಸೆ ಹೋಗಿವೆ?"

"ಒಂದೂ ಹೋಗಿಲ್ಲ ಮೇಡಂ" ಎಂದಳು ವರ್ನಾ.

ಆಕೆ ಬಹುಪಾಲು ಕರಗಿದ್ದ ಕಾಲುಚೀಲದ ರಾಶಿ ನೋಡಿದಳು, ತುಂಬಿದ ಸೀಸೆಗಳ ಸಾಲು ನೋಡಿದಳು. "ಹಾಗಾದ್ರೆ ಕೇಸು ಎಲ್ಲಿಂದ ಹಾಕಲಿ? ಆ ಫಲಕ ತೆಗೀರಿ, ಸಾಕು."

ದಂಡ ತಪ್ಪಿತಲ್ಲ ಎಂದು ಸುಮ್ಮನಿರುವುದು ಬಿಟ್ಟು ಆರ್ವಿಲ್ ಕೆರಳಿದ. "ಯಾಕೆ ಹೋಗಿಲ್ಲ? ಒಂದು ಹೋಗಿದೆ ಮೇಡಂ! ಟಪಾಲಿನವನು ತಗೊಂಡ!"

"ವಾಪಸ್ ಇಟ್ಟು ಹೋದ. ಮೇಜಿನ ಕೆಳಗಿದೆ ನೋಡು" ಎಂದಳು ವರ್ನಾ.

ಇಲಾಖೆಯವಳು ಉಳಿದಿದ್ದ ಒಂದೇ ಒಂದು ಜೊತೆ ಕಾಲುಚೀಲಕ್ಕೆ ದುಡ್ಡು ಕೊಟ್ಟು, ತನ್ನ ಗಂಡನಿಗೂ ಒಂದು ಜೊತೆ ಬೇಕೆಂದು ಹೇಳಿ ಹೋದಳು.

ಭಾನುವಾರ ಅಕ್ಕ ಬಂದಾಗ ಕೋಣೆ ಖಾಲಿಯಾಗಿತ್ತು. ಸಿಂಕಿನ ನೀರು ಸರಾಗವಾಗಿ ಹರಿಯುತ್ತಿತ್ತು. ಆರ್ವಿಲ್ ಎರಡೂ ಕೈ ಮುಂದೆ ಚಾಚಿ ಕೈದಿಯಂತೆ ಕುಳಿತಿದ್ದ. ಅವನ ಮುಂಗೈಗಳಿಗೆ ಉಣ್ಣೆಯ ಲಡಿ ತೊಡಿಸಿ ವರ್ನಾ ಉಂಡೆ ಸುತ್ತುತ್ತಿದ್ದಳು.

"ಕೈ ಅಲ್ಲಾಡಿಸಬೇಡ" ಎಂದು ಗದರಿದಳು. "ಇದು ಮಾರೋ ಮಾಲು."