ಇಂದುಧರನ ಚೀನೀ ಕಂಠ

"ಗಡಿಯಾರ ನೋಡ್ಕಳ್ರಿ ಪೇಪರಣ್ಣ! ಹತ್ತು ಗಂಟೆ ಹದಿನಾಲ್ಕು ನಿಮಿಷಕ್ಕೆ ನಮ್ಮ ಭಾವ ಮಾತಾಡಿದ ಅಂತ ಬರ್ಕಳ್ರಿ!" ಎಂದು ರೇವಣಸಿದ್ದಪ್ಪ ಸ್ಕ್ರೂಡ್ರೈವರ್ ಎತ್ತಿ ಹಿಡಿದು ಘೋಷಿಸಿದ.

ಬರೆದುಕೊಂಡೆ. ಇಪ್ಪತ್ತೆಂಟು ವರ್ಷ ಪತ್ರಿಕೆಯಲ್ಲಿ ಸುದ್ದಿ ತಿದ್ದಿದವನು ನಾನು. ದಾವಣಗೆರೆಯ ನಮ್ಮ ಓಣಿಯಲ್ಲಿ ರೇವಣಸಿದ್ದಪ್ಪ ನನ್ನ ಪಕ್ಕದ ಮನೆಯವನು. ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದಿಂದ ನಿವೃತ್ತನಾದ ಮೇಲೆ ಯಂತ್ರ ಕಟ್ಟುವುದೇ ಅವನ ಕಸುಬು. ಅವನ ಭಾವ, ಅಂದರೆ ತಂಗಿಯ ಗಂಡ, ಇಂದುಧರ ಆರ್ಕೆಸ್ಟ್ರಾ ಗಾಯಕ. ಕ್ಯಾನ್ಸರ್ ಎಂದು ನಾಲ್ಕು ತಿಂಗಳ ಹಿಂದೆ ಅವನ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಅಂದಿನಿಂದ ಅವನ ಹೆಂಡತಿ ಸರ್ವಮಂಗಳೆಗೆ ಒಂದೇ ಆಸೆ: ಅವನು ಇನ್ನೊಂದು ಸಲ "ಮಂಗಳಾ" ಎಂದು ಕರೆಯಬೇಕು.

ಯಂತ್ರವೆಂದರೆ ಕುತ್ತಿಗೆಗೊಂದು ಪಟ್ಟಿ, ಎದೆಯ ಮೇಲೆ ಸೋಪಿನ ಡಬ್ಬಿಯಷ್ಟು ಪೆಟ್ಟಿಗೆ. ತುಟಿಯಾಡಿಸಿದಾಗ ಗಂಟಲ ಸ್ನಾಯು ಅದುರಿದ್ದನ್ನು ಪಟ್ಟಿ ಹಿಡಿಯುತ್ತದೆ, ಪೆಟ್ಟಿಗೆ ಅದನ್ನು ಮಾತಾಗಿಸುತ್ತದೆ. ದನಿ ಇಂದುಧರನದೇ, ಅವನ ಹಳೆಯ ಕ್ಯಾಸೆಟ್‌ಗಳಿಂದ ತುಂಬಿದ್ದು. ಒಳಗಿನ ಸಾಮಾನು ಮಾತ್ರ ಮುಚ್ಚಿಹೋದ ಒಂದು ಚೈನೀಸ್ ಹೋಟೆಲಿನ ಕರೋಕೆ ಯಂತ್ರದ್ದು. ಗಿರಾಕಿಗಳು ಮೈಕ್ ಹಿಡಿದು ಹಾಡಿದರೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದ ಯಂತ್ರ.

ಇಂದುಧರ ತುಟಿಯಾಡಿಸಿದ. ಪೆಟ್ಟಿಗೆಯಿಂದ ಪಿಯಾನೊ ಕೇಳಿಸಿತು. ಆಮೇಲೆ ಇಂದುಧರನ ತುಂಬುಕಂಠದಲ್ಲಿ, ಅಚ್ಚ ಚೀನೀ ಭಾಷೆಯಲ್ಲಿ, ನಾಲ್ಕು ನಿಮಿಷದ ವಿರಹಗೀತೆ! ಕೊನೆಗೆ ಚಪ್ಪಾಳೆ. ಎಪ್ಪತ್ತೊಂದು ಅಂಕ.

"ಅಣ್ಣಾ, ಏನಂದ್ರು ಇವ್ರು?" ಎಂದು ಸರ್ವಮಂಗಳೆ ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿದಳು.

ಇಂದುಧರ ಸ್ಲೇಟಿನಲ್ಲಿ ಬರೆದು ತೋರಿಸಿದ: ನೀರು ಕೊಡು.

"ಹಾಡುಗಳ್ನ ಅಳಿಸ್ಲೇ ಇಲ್ಲೇನೋ ಮಾರಾಯಾ?" ಎಂದೆ.

"ಬಟನ್ ಮ್ಯಾಲೆಲ್ಲ ಚೀನೀ ಅಕ್ಷರ ಐತ್ರಿ! ಕೆಂಪಂದ್ರೆ ಅಳಿಸೋದೇ ಇರ್ಬೇಕು ಅಂತ ಒತ್ತಿದೆ!"

ಕೆಂಪು ಗುಂಡಿ, ಎರಡು ಸಾವಿರದ ನಲವತ್ತು ಚೀನೀ ಹಾಡುಗಳು ಎಂದೂ ಅಳಿಯದಂತೆ ಬೀಗ ಹಾಕುವ ಗುಂಡಿಯಾಗಿತ್ತು.

ಮರುದಿನ ಇಂದುಧರ "ಅರ್ಧ ಲೀಟರ್" ಎನ್ನಲು ಹೋದ. ಹಾಲಿನವನು ಇಡೀ ಹಾಡು ಕೇಳಿ, ಎರಡು ಲೀಟರ್ ಸುರಿದು, ಕಣ್ಣೊರೆಸಿಕೊಂಡು ಹೋದ. ಸೀನಿದರೆ ಮೇಳಗೀತೆ! ಆಸ್ಪತ್ರೆಯಲ್ಲಿ ಡಾಕ್ಟರು "ನೋವೈತಾ?" ಎಂದಾಗ ಡ್ರಮ್ ಸಮೇತ ಕುಣಿಯುವ ಹಾಡೇ ಬಂತು. ಅರವತ್ನಾಲ್ಕು ಅಂಕ. ಹೊರಗೆ ಕಾಯುತ್ತಿದ್ದ ರೋಗಿಗಳು ನಕ್ಕರು. ಡಾಕ್ಟರು ನಗಲಿಲ್ಲ. ರೋಗ ಮರಳಿ ಬಂದಿತ್ತು.

ರೇವಣಸಿದ್ದಪ್ಪ ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ತಂಗಿಯ ಮುಂದೆ ಬಂದು ಕುಳಿತ.

"ಎಲ್ಲಾ ಕಿತ್ತು ಹೊಸದಾಗಿ ಕಟ್ತೀನಿ ಮಂಗ್ಳಿ. ಮೂರೇ ತಿಂಗ್ಳು."

"ದನಿ ಉಳೀತತೇನು?"

ಅವನು ಇಲ್ಲವೆಂದು ತಲೆಯಾಡಿಸಿದ. ಹಾಡು ಕಿತ್ತರೆ ಜೊತೆಗೆ ದನಿಯೂ ಹೋಗುತ್ತಿತ್ತು. ಕ್ಯಾಸೆಟ್‌ಗಳು ಆಗಲೇ ಅವನ ಯಂತ್ರಕ್ಕೆ ಸಿಕ್ಕಿ ಚಿಂದಿಯಾಗಿದ್ದವು.

"ಮೂರು ತಿಂಗ್ಳು ಎಲ್ಲೈತಣ್ಣಾ ನಮ್ ಹತ್ರ? ಇರ್ಲಿ ಬಿಡು. ಭಾಷೆ ಬ್ಯಾರೆ, ದನಿ ಅವ್ರದೇ."

ಒಂದು ಮಾತಿಗೆ ಯಾವಾಗಲೂ ಒಂದೇ ಹಾಡು ಬರುತ್ತದೆಂದು ಮೊದಲು ಕಂಡುಕೊಂಡವಳು ಅವಳೇ. ಪಿಯಾನೊ ಬಂದರೆ ನೀರು, ಕೊಳಲಿಗೆ ಕಿಟಕಿ ತೆರೆಯುವುದು, ಗಿಟಾರಿಗೆ ದಿಂಬು ಸರಿಮಾಡುವುದು. ಅವನು "ಮಂಗಳಾ" ಎಂದಾಗಲೆಲ್ಲ ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿ, ಒಂದು ನಿಧಾನದ ಹಾಡು ಶುರುವಾಗುತ್ತಿತ್ತು. ಫೋನಿನಲ್ಲಿ ಅನುವಾದ ಮಾಡಿಸಿ ಅವಳಿಗೆ ಓದಿ ಹೇಳಿದೆ: "ಕೊನೆಯ ಬಸ್ಸು ಹೋಯಿತು, ನಿನ್ನ ಕೊಡೆ ನನ್ನ ಬಳಿಯೇ ಉಳಿಯಿತು."

"ಸುಳ್ಳು! ಇವ್ರು ಒಂದಿನಾನಾದ್ರೂ ಕೊಡೆ ವಾಪಸ್ ಮನಿಗೆ ತಂದೋರಾ?" ಎಂದು ಸರ್ವಮಂಗಳೆ ಜೋರಾಗಿ ನಕ್ಕಳು. ಇಂದುಧರನೂ ನಕ್ಕ. ಆ ನಗುವಿಗೂ ಒಂದು ಹಾಡು ಬಂತು. ಅರವತ್ತೊಂಬತ್ತು.

ಏಳು ವಾರಗಳ ನಂತರ, ಮಂಗಳವಾರ ಬೆಳಿಗ್ಗೆ, ಪಿಯಾನೊ ಅರ್ಧಕ್ಕೇ ನಿಂತಿತು. ಸರ್ವಮಂಗಳೆ ನೀರಿನ ಲೋಟ ಹಿಡಿದು ಹಾಸಿಗೆಯ ಬಳಿ ನಿಂತೇ ಇದ್ದಳು.

ಹನ್ನೊಂದನೆಯ ದಿನ ಅವನ ಹೆಸರಿನಲ್ಲಿ ಶಿವಗಣಾರಾಧನೆ. ಬಂದವರು ಪಂಕ್ತಿಯಲ್ಲಿ ಊಟಕ್ಕೆ ಕುಳಿತಿದ್ದರು. ಸರ್ವಮಂಗಳೆ ಫೋಟೊದ ಮುಂದಿದ್ದ ಪಟ್ಟಿಯನ್ನು ತೆಗೆದು ತನ್ನ ಕುತ್ತಿಗೆಗೆ ಕಟ್ಟಿಕೊಂಡಳು. ತನ್ನ ಹೆಸರನ್ನು ತಾನೇ ಮೆಲ್ಲಗೆ ಹೇಳಿದಳು.

ಗಂಟಲು ಬೇರೆಯದು, ಹಾಡೂ ಬೇರೆ ಬರಬೇಕಿತ್ತು. ಆದರೆ ಬಸ್ಸಿನ ಹಾರ್ನ್ ಕೇಳಿಸಿತು. ಆಮೇಲೆ ಇಂದುಧರನ ಕಂಠ. ತುತ್ತು ಎತ್ತಿದ ಕೈಗಳು ಹಾಗೇ ನಿಂತವು. ನಾಲ್ಕು ನಿಮಿಷ ಹನ್ನೆರಡು ಸೆಕೆಂಡು ಅವನು ಅವಳನ್ನು ಕರೆದ. ಕೊನೆಗೆ, ಸಾವಿನ ಮನೆಯಲ್ಲಿ, ಚಪ್ಪಾಳೆ!

ತೊಂಬತ್ತೆಂಟು ಅಂಕ. ಬದುಕಿದ್ದಾಗ ಇಂದುಧರ ಎಪ್ಪತ್ತೊಂದು ದಾಟಿರಲಿಲ್ಲ.

ರೇವಣಸಿದ್ದಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಪೆಟ್ಟಿಗೆಯನ್ನೇ ದಿಟ್ಟಿಸಿದ. "ಎರಡು ಅಂಕ ಎಲ್ಲಿ ಸೋರಿದ್ವು ಅಂತ ಬಿಚ್ಚಿ ನೋಡ್ಬೇಕು," ಎಂದ.

"ಅಣ್ಣಾ," ಎಂದಳು ಸರ್ವಮಂಗಳೆ ಪಟ್ಟಿ ಬಿಚ್ಚುತ್ತಾ, "ಸ್ಕ್ರೂಡ್ರೈವರ್ ಕೆಳಗಿಡು."